ಬಿಲ್ಲಿದೆ, ಬಾಣವಿದೆ, ಸಂಘ ನಡೆಸುವ ಕೈಗಳಿಲ್ಲ

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಿಶ್ರ ತಂಡ ಬಿಲ್ಲುಗಾರಿಕೆಯಲ್ಲಿ ಧೀರಜ್ ಬೊಮ್ಮದೇವರ ಮತ್ತು ಅಂಕಿತಾ ಭಕತ್ ಜೋಡಿ ಕಂಚಿನ ಪದಕದ ಪಂದ್ಯದವರೆಗೆ ಸಾಗಿ ನಾಲ್ಕನೆಯ ಸ್ಥಾನ ಪಡೆಯಿತು. ಒಲಿಂಪಿಕ್ಸ್‌ನಲ್ಲಿ ಭಾರತದ ಬಿಲ್ಲುಗಾರರು ಅಷ್ಟು ದೂರ ಹೋದದ್ದು ಅದೇ ಮೊದಲು. ಅದೇ ವರ್ಷದ ಪ್ಯಾರಾಲಿಂಪಿಕ್ಸ್‌ನಲ್ಲಿ ಹರ್ವಿಂದರ್ ಸಿಂಗ್ ಚಿನ್ನ ಗೆದ್ದರು. ಎರಡೂ ತೋಳುಗಳಿಲ್ಲದ ಶೀತಲ್ ದೇವಿ, ರಾಕೇಶ್ ಕುಮಾರ್ ಜತೆಗೂಡಿ ಕಂಚು ತಂದರು. 2025ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಆರ್ಚರಿ ಪ್ರೀಮಿಯರ್ ಲೀಗ್ ಕೂಡ ನಡೆಯಿತು. ಬಿಲ್ಲುಗಾರಿಕೆಗೆ ಒಳ್ಳೆಯ ಕಾಲ ಬಂದಿದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಆದರೆ ಈ ಬೆಳಕು ಬೀಳುತ್ತಿರುವುದು ಕಾರ್ಬನ್ ಬಾಣ ಹಾಗೂ ಲೋಹದ ಹಿಡಿಯುಳ್ಳ ರಿಕರ್ವ್, ಕಾಂಪೌಂಡ್ ಬಿಲ್ಲುಗಳ ಮೇಲೆ. ಬಿದಿರಿನ ಅಥವಾ ಮರದ ಬಿಲ್ಲನ್ನೇ ಹಿಡಿದು, ಊರಿನ ಸಂಪ್ರದಾಯದಂತೆ ಗುರಿಗೆ ಹೊಡೆಯುವ ಸಂಘಗಳ ಸ್ಥಿತಿ ಬೇರೆಯೇ ಆಗಿದೆ. ಮೇಘಾಲಯದಿಂದ ಬೆಲ್ಜಿಯಂವರೆಗೆ ಇಂಥ ಸಂಘಗಳನ್ನು ಕಾಡುತ್ತಿರುವ ಪ್ರಶ್ನೆಗಳು ಎರಡು. ಹೊಸ ಸದಸ್ಯರು ಎಲ್ಲಿಂದ ಬರಬೇಕು? ಸಂಬಳವಿಲ್ಲದೆ ಸಂಘದ ಕೆಲಸ ಮಾಡುವವರು ಯಾರು?

ಟಿ.ವಿ., ಮೊಬೈಲುಗಳ ಹಾವಳಿ, ಯುವಕರ ನಿರಾಸಕ್ತಿ ಎಂಬ ಸಿದ್ಧ ಉತ್ತರ ಎಲ್ಲರ ಬಾಯಲ್ಲೂ ಇದೆ. ಅದರಲ್ಲಿ ಸ್ವಲ್ಪ ಸತ್ಯವಿದ್ದರೂ ಮೂಲ ಕಾರಣ ಇನ್ನೂ ಆಳದಲ್ಲಿದೆ. ಬಿಲ್ಲುಗಾರರ ಸಂಘ ಎಂಬುದು ಯಾವ ಕಾಲದಲ್ಲೂ ಕೇವಲ ಬಿಲ್ಲಿನ ಆಟದಿಂದ ಬದುಕಿದ್ದಲ್ಲ. ಊರಿನ ರಕ್ಷಣೆ, ಬೇಟೆ, ಹಬ್ಬ, ಮನೆತನದ ಗೌರವ, ಕೊನೆಗೆ ಜೂಜಿನ ಹಣ, ಹೀಗೆ ಮತ್ತಾವುದೋ ಅಗತ್ಯ ಅದರ ಬೆನ್ನಿಗಿರುತ್ತಿತ್ತು. ಆ ಅಗತ್ಯ ಕಳಚಿ ಬಿದ್ದ ಮೇಲೆ ಆಟವೊಂದೇ ಸಂಘದ ಭಾರವನ್ನೆಲ್ಲ ಹೊರಬೇಕಾಗಿದೆ.

ಕಾವಲು ಹೋಯಿತು, ಕೂಟ ಉಳಿಯಿತು

ಯೂರೋಪಿನ ಉದಾಹರಣೆ ಇದಕ್ಕೆ ಸ್ಪಷ್ಟ ಸಾಕ್ಷಿ. 1363ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಎಡ್ವರ್ಡ್, ದೇಹದಾರ್ಢ್ಯವುಳ್ಳ ಗಂಡಸರು ರಜಾದಿನಗಳಲ್ಲಿ ಬಿಲ್ಲಿನ ಅಭ್ಯಾಸ ಮಾಡಲೇಬೇಕೆಂದು ಆಜ್ಞೆ ಹೊರಡಿಸಿದ. ಇಂದಿನ ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತ್ಯದ ಪಟ್ಟಣಗಳಲ್ಲಿ ಬಿಲ್ಲುಗಾರರ ಕೂಟಗಳು ಊರ ಕಾವಲಿಗಾಗಿಯೇ ಹುಟ್ಟಿಕೊಂಡವು. ಬ್ರೂಗ್ ನಗರದ ಸಂತ ಸೆಬಾಸ್ಟಿಯನ್ ಕೂಟ 1573ರಿಂದ ಒಂದೇ ಭವನದಲ್ಲಿದ್ದು, ಇಂದಿಗೂ ಜೀವಂತವಾಗಿದೆ. ದೇಶಭ್ರಷ್ಟನಾಗಿ ಅಲ್ಲಿ ನೆಲೆಸಿದ್ದ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ಕೂಡ ಈ ಕೂಟದ ಸದಸ್ಯನಾಗಿದ್ದ.

ಬಂದೂಕು ಬಂದ ಮೇಲೆ ಕಾವಲಿನ ಕೆಲಸ ಹೋಯಿತು. ಆದರೆ ಕೂಟಗಳು ಸಾಯಲಿಲ್ಲ. ಹಬ್ಬ ಮತ್ತು ಸ್ನೇಹಗಳ ಆಸರೆಯಲ್ಲಿ ಉಳಿದವು. ಎತ್ತರದ ಕಂಬದ ತುದಿಗೆ ಗರಿಯ ಹಕ್ಕಿಗಳನ್ನು ಸಿಕ್ಕಿಸಿ, ಮೊಂಡು ತುದಿಯ ಬಾಣಗಳಿಂದ ಕೆಳಗಿನಿಂದ ಮೇಲಕ್ಕೆ ಹೊಡೆದು ಬೀಳಿಸುವುದು ಅಲ್ಲಿನ ಪದ್ಧತಿ. ವರ್ಷದ ಸ್ಪರ್ಧೆಯಲ್ಲಿ ತುತ್ತತುದಿಯ ಹಕ್ಕಿಯನ್ನು ಕೆಡವಿದವನು ಆ ವರ್ಷದ 'ರಾಜ'. ಸತತ ಮೂರು ವರ್ಷ ಕೆಡವಿದವನು 'ಚಕ್ರವರ್ತಿ'. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಇಂಥ ಹಕ್ಕಿ ಹೊಡೆಯುವ ಸ್ಪರ್ಧೆಗಳೂ ಇದ್ದವು. 1900 ಮತ್ತು 1920ರ ಕ್ರೀಡಾಕೂಟಗಳಲ್ಲಿ ಒಟ್ಟು ಆರು ಚಿನ್ನ, ಮೂರು ಬೆಳ್ಳಿ ಗೆದ್ದ ಬೆಲ್ಜಿಯಂನ ಹ್ಯೂಬರ್ಟ್ ವಾನ್ ಇನ್ನಿಸ್, ಒಲಿಂಪಿಕ್ ಬಿಲ್ಲುಗಾರಿಕೆಯಲ್ಲಿ ಅತಿ ಹೆಚ್ಚು ಪದಕ ಪಡೆದವರು.

1920ರ ನಂತರ ಒಲಿಂಪಿಕ್ಸ್‌ನಿಂದ ಮರೆಯಾದ ಬಿಲ್ಲುಗಾರಿಕೆ 1972ರಲ್ಲಿ ಮರಳಿ ಬಂದಾಗ ಆ ಹಕ್ಕಿಗಳು ಅದರೊಂದಿಗೆ ಬರಲಿಲ್ಲ. ಅಡ್ಡಲಾಗಿ ನೆಟ್ಟ ವೃತ್ತಾಕಾರದ ಗುರಿಯೇ ಜಗತ್ತಿನ ಮಾನದಂಡವಾಯಿತು. ಊರಿನ ಕಂಬದಲ್ಲಿ ಹಕ್ಕಿ ಕೆಡವಿದ ಯುವಕನಿಗೆ ಮುಂದೆ ಹತ್ತಲು ಮೆಟ್ಟಿಲೇ ಇಲ್ಲದಂತಾಯಿತು. ಭಾನುವಾರದ ಸಂಜೆಗೆ ಊರಿನಲ್ಲಿ ಬೇರೆ ಮನರಂಜನೆ ಇಲ್ಲದಿದ್ದ ದಿನಗಳಲ್ಲಿ ಅದೊಂದು ಕೊರತೆಯೆನಿಸಲಿಲ್ಲ. ಇಂದು ಎನಿಸುತ್ತಿದೆ.

ಬೇಟೆ ನಿಂತಿತು, ಪ್ರತಿಭೆ ಹೊರಟಿತು

ಭಾರತದಲ್ಲಿ ಬಿಲ್ಲು ಮುಖ್ಯವಾಗಿ ಕಾಡಿನ ಜನರ ಕೈಯಲ್ಲಿ ಉಳಿದುಕೊಂಡಿತ್ತು. ರಾಜಸ್ತಾನದ ಭಿಲ್ಲರು, ಜಾರ್ಖಂಡದ ಸಂತಾಲರು ಮತ್ತು ಮುಂಡರು, ವಯನಾಡಿನ ಕುರಿಚ್ಯರು, ಮೇಘಾಲಯದ ಖಾಸಿಗಳು ಇವರೆಲ್ಲರಿಗೂ ಬಿಲ್ಲು ಆಟದ ವಸ್ತುವಾಗಿರಲಿಲ್ಲ, ಬದುಕಿನ ಉಪಕರಣವಾಗಿತ್ತು. ವಯನಾಡಿನ ಕುರಿಚ್ಯ ಬಿಲ್ಲುಗಾರರು ತಲಕ್ಕಲ್ ಚಂದುವಿನ ನಾಯಕತ್ವದಲ್ಲಿ ಪಳಶ್ಶಿ ರಾಜನ ಪರವಾಗಿ ಬ್ರಿಟಿಷರ ವಿರುದ್ಧ ಹೋರಾಡಿದ್ದು ಇತಿಹಾಸ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಅಪರಾಧವಾಯಿತು. ವನ್ಯಸಂಕುಲದ ಉಳಿವಿಗೆ ಅದು ಅನಿವಾರ್ಯವಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ತಂದೆ ಮಗನಿಗೆ ಬಿಲ್ಲು ಬಗ್ಗಿಸುವುದನ್ನು ಕಲಿಸುವ ನಿತ್ಯದ ಸಂದರ್ಭವೂ ಅದರೊಂದಿಗೆ ಮರೆಯಾಯಿತು. ಜಾರ್ಖಂಡದ ದಲ್ಮಾ ಬೆಟ್ಟಗಳಲ್ಲಿ ವರ್ಷಕ್ಕೊಮ್ಮೆ ಸೇಂದ್ರಾ ಎಂಬ ಬೇಟೆ ಹಬ್ಬ ಬಂದಾಗ ಸಂಪ್ರದಾಯಕ್ಕೂ ಅರಣ್ಯ ಇಲಾಖೆಗೂ ತಿಕ್ಕಾಟ ಏಳುವುದು ಇದೇ ಕಾರಣಕ್ಕೆ.

ಆ ಖಾಲಿ ಜಾಗವನ್ನು ತುಂಬಲು ಸರಕಾರ ಕ್ರೀಡೆಯ ದಾರಿಯನ್ನು ತೆರೆಯಿತು. ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ 1987ರಲ್ಲಿ ಆಯ್ಕೆಯಾದ ಉದಯಪುರ ಜಿಲ್ಲೆಯ ಲಿಂಬಾ ರಾಮ್, 1988ರಿಂದ ಸತತ ಮೂರು ಒಲಿಂಪಿಕ್ಸ್‌ಗಳಲ್ಲಿ ಭಾಗವಹಿಸಿದರು. ರಾಂಚಿ ಬಳಿಯ ದೀಪಿಕಾ ಕುಮಾರಿ 2005ರಲ್ಲಿ ಖರಸಾವಾಂನ ಅಕಾಡೆಮಿಯನ್ನೂ ಮರುವರ್ಷ ಜಮಶೆಡ್‌ಪುರದ ಟಾಟಾ ಅಕಾಡೆಮಿಯನ್ನೂ ಸೇರಿ, 2012ರಲ್ಲಿ ವಿಶ್ವದ ಮೊದಲ ಕ್ರಮಾಂಕಕ್ಕೇರಿದರು.

ಈ ಸಾಧನೆಗಳು ಹೆಮ್ಮೆಯವೇ. ಆದರೆ ಊರಿನ ಸಂಘದ ದೃಷ್ಟಿಯಿಂದ ನೋಡಿದರೆ ಇನ್ನೊಂದು ಮುಖ ಕಾಣುತ್ತದೆ. ಚುರುಕುಗಣ್ಣಿನ ಹುಡುಗ ಅಥವಾ ಹುಡುಗಿ ಸಿಕ್ಕ ಕೂಡಲೇ ಅಕಾಡೆಮಿಗೆ ಹೊರಟುಹೋಗುತ್ತಾರೆ. ಅಲ್ಲಿ ಬಿದಿರಿನ ಬಿಲ್ಲನ್ನು ಕೆಳಗಿಟ್ಟು ಲಕ್ಷಗಟ್ಟಲೆ ಬೆಲೆಯ ರಿಕರ್ವ್ ಹಿಡಿಯಬೇಕು. ರಾಷ್ಟ್ರೀಯ ಮಟ್ಟದಲ್ಲಿ ಬಿದಿರಿನ ಬಿಲ್ಲಿಗೂ 'ಇಂಡಿಯನ್ ರೌಂಡ್' ಎಂಬ ವಿಭಾಗವಿದೆ. 50 ಮತ್ತು 30 ಮೀಟರ್ ದೂರದಿಂದ ಹೊಡೆಯುತ್ತಾರೆ. ಆದರೆ ಒಲಿಂಪಿಕ್ಸ್‌ಗೆ ಒಯ್ಯುವ ದಾರಿ ಅಲ್ಲಿಲ್ಲ. ಹೀಗಾಗಿ ಕಲಿತವರು ಹೊರಡುತ್ತಾರೆ, ಕಲಿಸಬೇಕಾದವರು ಮುದುಕರಾಗುತ್ತಾರೆ. ಮುಂದೊಂದು ದಿನ ಸಂಘದ ಹೊಣೆ ಹೊರಬೇಕಾಗಿದ್ದ ತಲೆಮಾರು ಊರಿನಲ್ಲಿಯೇ ಇಲ್ಲವಾಗುತ್ತದೆ.

ಹಣ ಹರಿದ ಕಡೆ

ಸದಸ್ಯರ ಕೊರತೆಗೆ ಹಣವೇ ಮದ್ದು ಎನ್ನುವವರು ಶಿಲ್ಲಾಂಗ್ ಕಡೆ ಒಮ್ಮೆ ನೋಡಬೇಕು. ಖಾಸಿಗಳಲ್ಲಿ ಗಂಡುಮಗುವಿನ ನಾಮಕರಣದ ವೇಳೆ ಬಿಲ್ಲು ಮತ್ತು ಮೂರು ಬಾಣಗಳನ್ನಿಡುವ ಸಂಪ್ರದಾಯವಿದೆ. ಅಂಥ ನೆಲದಲ್ಲಿ ಬಿಲ್ಲುಗಾರರ ಹನ್ನೆರಡು ಕ್ಲಬ್ಬುಗಳು ಸೇರಿದ ಖಾಸಿ ಹಿಲ್ಸ್ ಆರ್ಚರಿ ಸ್ಪೋರ್ಟ್ಸ್ ಅಸೋಸಿಯೇಷನ್ ಭಾನುವಾರದ ಹೊರತು ದಿನವೂ ಮಧ್ಯಾಹ್ನ ಬಿಲ್ಲಿನ ಆಟ ನಡೆಸುತ್ತದೆ. ಹುಲ್ಲಿನ ಸಿಂಬೆಯಂಥ ಗುರಿಗೆ ಬಿಲ್ಲುಗಾರರು ಒಟ್ಟಿಗೆ ಬಾಣ ಬಿಡುತ್ತಾರೆ. ನಾಟಿದ ಬಾಣಗಳನ್ನು ಎಣಿಸಿ, ಮೊತ್ತದ ಕೊನೆಯ ಎರಡು ಅಂಕಿಗಳನ್ನು ಫಲಿತಾಂಶವೆಂದು ಸಾರುತ್ತಾರೆ. ಮೊತ್ತ 647 ಆದರೆ ಗೆದ್ದ ಸಂಖ್ಯೆ 47.

ಇದೇ 'ತೀರ್' ಎಂಬ ಪಂದ್ಯ. 1982ರಲ್ಲಿ ಮೇಘಾಲಯ ಸರಕಾರ ಇದಕ್ಕೆ ಕಾನೂನಿನ ಮನ್ನಣೆ ಕೊಟ್ಟು ತೆರಿಗೆ ವಿಧಿಸಿತು. 2018ರಲ್ಲಿ ಬಾಣ ಹೊಡೆಯುವ ಕ್ರಮಕ್ಕೂ ಟಿಕೆಟ್ ಮಾರಾಟಕ್ಕೂ ಪ್ರತ್ಯೇಕ ಕಾಯ್ದೆ ಬಂತು. ಬೀದಿ ಬೀದಿಗಳ ಅಂಗಡಿಗಳಲ್ಲಿ ಜನ ತಮ್ಮ ಸಂಖ್ಯೆಗೆ ಹಣ ಕಟ್ಟುತ್ತಾರೆ. ರಾತ್ರಿ ಕಂಡ ಕನಸಿಗೆ ಸಂಖ್ಯೆ ಹೊಂದಿಸಿ ಪಂದ್ಯ ಕಟ್ಟುವ ರೂಢಿಯೂ ಇದೆ.

ಸಾಂಪ್ರದಾಯಿಕ ಬಿಲ್ಲು ದಿನವೂ ಮೊಳಗುವ ನಗರ ಇದರಿಂದಾಗಿ ಉಳಿದಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಪ್ರೇಕ್ಷಕನಿಗೆ ಬೇಕಾದದ್ದು ಒಟ್ಟು ಮೊತ್ತವೇ ಹೊರತು ಯಾರು ಚೆನ್ನಾಗಿ ಹೊಡೆದರು ಎಂಬುದಲ್ಲ. ಹೆಸರು ಮಾಡಬೇಕೆಂಬ ಹಂಬಲದ ಯುವಕನನ್ನು ಸೆಳೆಯುವ ಶಕ್ತಿ ಇಂಥ ಆಟಕ್ಕೆ ಎಷ್ಟಿದ್ದೀತು? ಹಣ ಮೈದಾನವನ್ನು ತುಂಬಬಲ್ಲದು, ಗೌರವವನ್ನು ತುಂಬಲಾರದು. ಪಕ್ಕದ ಭೂತಾನದಲ್ಲಿ ಸಮಸ್ಯೆಯ ಬಗೆ ಇನ್ನೊಂದು. ಬಿಲ್ಲುಗಾರಿಕೆ ಅಲ್ಲಿ 1971ರಿಂದ ರಾಷ್ಟ್ರೀಯ ಕ್ರೀಡೆ. ಆಡುವವರಿಗೆ ಬರವಿಲ್ಲ, ಆದರೆ ಹೊರದೇಶದ ಕಾಂಪೌಂಡ್ ಬಿಲ್ಲು ಬಂದು ಬಿದಿರಿನ ಬಿಲ್ಲನ್ನು ಬದಿಗೆ ಸರಿಸಿದೆ.

ಕಾಣದ ದುಡಿಮೆ

ಸದಸ್ಯರಿಗಿಂತ ಸ್ವಯಂಸೇವಕರ ಕೊರತೆ ಹೆಚ್ಚು ಗಂಭೀರ. ಬಿಲ್ಲಿನ ಸಂಘ ನಡೆಸುವುದು ಚೆಂಡೊಂದನ್ನು ಮೈದಾನಕ್ಕೆ ಎಸೆದಷ್ಟು ಸುಲಭವಲ್ಲ. ಗುರಿಯ ಹಿಂದೆ ಯಾರೂ ಸುಳಿಯದ ಉದ್ದನೆಯ ಖಾಲಿ ಜಾಗ ಬೇಕು. ಹುಲ್ಲು ಕತ್ತರಿಸಬೇಕು, ಗುರಿಯ ಹುಲ್ಲನ್ನು ಬಿಗಿಯಬೇಕು, ಬಾಣ ಹೆಕ್ಕುವವರು ಮರಳುವವರೆಗೆ ಒಬ್ಬನೂ ಹೆದೆ ಎಳೆಯದಂತೆ ಕಾಯಬೇಕು. ಮಕ್ಕಳಿಗೆ ಹೇಳಿಕೊಡಬೇಕು, ಲೆಕ್ಕಪತ್ರ ಬರೆಯಬೇಕು, ನೋಂದಣಿ ನವೀಕರಿಸಬೇಕು. ಒಂದೇ ಒಂದು ಬಾಣ ದಾರಿ ತಪ್ಪಿದರೆ ಸಂಘದ ಬಾಗಿಲೇ ಮುಚ್ಚಬಹುದು. ನಗರ ಬೆಳೆದಂತೆ ಖಾಲಿ ಜಾಗ ನಿವೇಶನವಾಗುತ್ತಿದೆ. ಹೊಣೆಗಾರಿಕೆ ಮಾತ್ರ ಬೆಳೆಯುತ್ತಲೇ ಇದೆ.

ಹಿಂದೆ ಈ ಕೆಲಸಗಳಿಗೆ ಊರಿನಲ್ಲಿ ಮಾನ್ಯತೆಯ ರೂಪದ ಪ್ರತಿಫಲವಿತ್ತು. ಇಂದು ಕೆಲಸ ಹೆಚ್ಚಾಗಿದೆ, ಮಾನ್ಯತೆ ಕಡಿಮೆಯಾಗಿದೆ. ಮೈಸೂರಿನ ಗರಡಿ ಮನೆಗಳ ಉಸ್ತಾದರನ್ನು ಬಲ್ಲವರಿಗೆ ಈ ಚಿತ್ರ ಹೊಸದೇನಲ್ಲ. ಮಟ್ಟಿಯ ಮಣ್ಣು ಹದ ಮಾಡುವುದರಿಂದ ಹಿಡಿದು ಹುಡುಗರಿಗೆ ಪಟ್ಟು ಹೇಳಿಕೊಡುವವರೆಗೆ ಎಲ್ಲವನ್ನೂ ಒಬ್ಬರೇ ಹೊತ್ತುಕೊಂಡಲ್ಲಿ, ಅವರ ನಂತರ ಯಾರು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಜಪಾನಿನ ಕ್ಯೂದೊ ಎಂಬ ಬಿಲ್ವಿದ್ಯೆ ಈ ಸಂಕಷ್ಟದಿಂದ ಬಹುಮಟ್ಟಿಗೆ ಪಾರಾದದ್ದು ಶಾಲೆಗಳಿಂದ. ಎರಡು ಮೀಟರಿಗಿಂತ ಉದ್ದದ ಬಿಲ್ಲಿನಿಂದ 28 ಮೀಟರ್ ದೂರದ ಗುರಿಗೆ ಹೊಡೆಯುವ ಈ ಕಲೆಗೆ ಪ್ರೌಢಶಾಲಾ ಕ್ಲಬ್ಬುಗಳು ವರ್ಷವರ್ಷವೂ ಹೊಸಬರನ್ನು ಒದಗಿಸುತ್ತವೆ. 'ದಾನ್' ಎಂಬ ಶ್ರೇಣಿಗಳ ಏಣಿಯಿರುವುದರಿಂದ ಪದಕವಿಲ್ಲದೆಯೂ ಜೀವನಪರ್ಯಂತ ಹತ್ತಲು ಮೆಟ್ಟಿಲುಗಳಿವೆ. ಆದರೆ ಅಲ್ಲಿಯೂ ಜನನ ಪ್ರಮಾಣ ಕುಸಿದಿದೆ. ಶಾಲೆಯ ಆಟೋಟಗಳ ಹೊರೆ ಶಿಕ್ಷಕರಿಗೆ ಅತಿಯಾಯಿತೆಂದು, 2023ರಿಂದ ರಜಾದಿನಗಳ ಚಟುವಟಿಕೆಯನ್ನು ಹಂತಹಂತವಾಗಿ ಸ್ಥಳೀಯ ಸಂಘಗಳಿಗೆ ವಹಿಸುವ ಪ್ರಯತ್ನ ನಡೆದಿದೆ. ಶಿಕ್ಷಕನ ಪುಕ್ಕಟೆ ದುಡಿಮೆಯ ಮೇಲೆ ನಿಂತ ವ್ಯವಸ್ಥೆಗೂ ಮಿತಿಯಿದೆ ಎಂಬುದೇ ಇದರ ಅರ್ಥ.

ಕೊಡಗಿನ ಪಾಠ

ಹಾಗಾದರೆ ಪುಕ್ಕಟೆ ದುಡಿಯುವವರು ಇನ್ನು ಸಿಗುವುದೇ ಇಲ್ಲವೆ? ಕರ್ನಾಟಕದಲ್ಲೇ ಇದಕ್ಕೆ ಉತ್ತರವಿದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವಕ್ಕೆ ಆಗ ಬಂದದ್ದು 60 ಕುಟುಂಬ ತಂಡಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಉತ್ಸವದಲ್ಲಿ 360 ತಂಡಗಳಿದ್ದವು. ಹಾಕಿ ಕೊಡಗಿನಲ್ಲಿ ಹುಟ್ಟಿದ ಆಟವಲ್ಲ. ಆದರೂ ಇದು ಬೆಳೆದದ್ದು ಏಕೆ?

ಪ್ರತಿ ಸಲದ ಆತಿಥ್ಯ ಒಂದೊಂದು ಕುಟುಂಬದ್ದು. ಉತ್ಸವಕ್ಕೆ ಆ ಕುಟುಂಬದ್ದೇ ಹೆಸರು. ಮೈದಾನ, ಊಟ, ಲೆಕ್ಕ, ಸ್ವಾಗತ ಎಲ್ಲವೂ ಮನೆತನದ ಮರ್ಯಾದೆಯ ಪ್ರಶ್ನೆ. ವರ್ಷ ಮುಗಿದೊಡನೆ ಹೊಣೆ ಇನ್ನೊಂದು ಮನೆತನಕ್ಕೆ ದಾಟುತ್ತದೆ. ಒಬ್ಬನೇ ಕಾರ್ಯದರ್ಶಿ ಮೂವತ್ತು ವರ್ಷ ಸವೆಯಬೇಕಾಗಿಲ್ಲ. ಮಕ್ಕಳು, ಹೆಂಗಸರು, ಹಿರಿಯರು ಒಂದೇ ತಂಡದಲ್ಲಿ ಆಡಬಹುದು. ಅದ್ಭುತ ಆಟಗಾರರೇ ಆಗಬೇಕೆಂದಿಲ್ಲ. ಕೈಲ್ ಮುಹೂರ್ತದ ಹಬ್ಬದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಕೋವಿಯಿಂದ ಗುರಿಯಿಡುವ ಸ್ಪರ್ಧೆ ಇಂದಿಗೂ ಉಳಿದಿರುವುದರ ಹಿಂದೆ ಇರುವುದೂ ಇದೇ ಬಂಧ.

ಬಿಲ್ಲಿನ ಸಂಘಗಳು ಇದರಿಂದ ಕಲಿಯಬೇಕಾದದ್ದು ಬಹಳವಿದೆ. ಹೊಣೆಯನ್ನು ಚಿಕ್ಕ ಚಿಕ್ಕ ಅವಧಿಗೆ ಹಂಚಿ, ಹೊತ್ತವರ ಹೆಸರನ್ನು ಊರಿಗೆ ತಿಳಿಸುವುದು ಮೊದಲ ಹೆಜ್ಜೆ. ಶಾಲೆಯೊಂದರ ಜತೆ ನಂಟು ಬೆಳೆಸುವುದು ಎರಡನೆಯದು. ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯುವುದು ಮೂರನೆಯದು. ದೀಪಿಕಾ, ಶೀತಲ್‌ರನ್ನು ಕಂಡ ದೇಶದಲ್ಲಿ ಬಿಲ್ಲು ಗಂಡಸರ ಆಸ್ತಿ ಎನ್ನುವ ಸಂಘಕ್ಕೆ ಅರ್ಧ ಊರೇ ಕೈತಪ್ಪುತ್ತದೆ. ಸರಕಾರದ ಪಾಲೂ ಸಣ್ಣದಲ್ಲ. ನೆಲ ಮತ್ತು ವಿಮೆ, ಈ ಎರಡನ್ನು ಸ್ಥಳೀಯ ಸಂಸ್ಥೆಗಳು ವಹಿಸಿಕೊಂಡರೆ ಸಂಘದ ಅರ್ಧ ಭಾರ ಇಳಿದೀತು. ಅಕಾಡೆಮಿಗೆ ಪ್ರತಿಭೆಯನ್ನು ಒಯ್ಯುವಾಗ, ಆ ಪ್ರತಿಭೆಯನ್ನು ಬೆಳೆಸಿದ ಊರಿನ ಗುರುವಿಗೆ ಗೌರವಧನ ಕೊಡುವ ಪದ್ಧತಿಯೂ ಬರಬೇಕು.

2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಬಿಲ್ಲಿನ ಮಿಶ್ರ ತಂಡ ಸ್ಪರ್ಧೆಯೂ ಸೇರಲಿದೆ. ಪದಕದ ಆಸೆಯೊಂದಿಗೆ ಹಣ, ಗಮನ ಇನ್ನಷ್ಟು ಆ ಕಡೆ ಹರಿಯುವುದು ಖಂಡಿತ. ಬಿದಿರಿನ ಬಿಲ್ಲು ಆ ಸ್ಪರ್ಧೆಯಲ್ಲಿ ಗೆಲ್ಲಲಾರದು, ಗೆಲ್ಲಬೇಕಾಗಿಯೂ ಇಲ್ಲ. ಊರಿಗೆ ತಾನು ಏಕೆ ಬೇಕು ಎಂಬ ಪ್ರಶ್ನೆಗೆ ಈ ಕಾಲಕ್ಕೆ ಒಪ್ಪುವ ಉತ್ತರ ಕಂಡುಕೊಂಡ ಸಂಘಕ್ಕೆ ಸದಸ್ಯರೂ ಸಿಗುತ್ತಾರೆ, ದುಡಿಯುವವರೂ ಸಿಗುತ್ತಾರೆ. ಅದನ್ನು ಕಂಡುಕೊಳ್ಳದ ಸಂಘಗಳ ಬಿಲ್ಲುಗಳು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಸೇರುವ ದಿನ ದೂರವಿಲ್ಲ.