ಅಜ್ಜಿಯ ಮಣೆ, ಅರಸನ ಮಣೆ

ಮಕ್ಕಳೇ, ‘ಅವರ ಮಾತಿಗೆ ಮಣೆ ಹಾಕಿದರು’ ಎಂದು ಪತ್ರಿಕೆಯಲ್ಲಿ ಓದಿರುತ್ತೀರಿ. ಮಾತು ಎಲ್ಲಾದರೂ ಮಣೆಯ ಮೇಲೆ ಕೂರುತ್ತದೆಯೇ? ಇಲ್ಲ. ಮನೆಗೆ ಬಂದವರಿಗೆ ಮೊದಲು ಮಣೆ ಹಾಕಿ ಕೂರಿಸುವುದು ನಮ್ಮಲ್ಲಿ ಮರ್ಯಾದೆ. ಆ ಮರ್ಯಾದೆಯೇ ಮಾತಿನೊಳಗೆ ಉಳಿದಿದೆ. ಮದುವೆಯಾಗುವುದಕ್ಕೂ ‘ಹಸೆಮಣೆ ಏರುವುದು’ ಎನ್ನುತ್ತೇವಲ್ಲ!

ನಮ್ಮ ಕಾನಹೊಸಹಳ್ಳಿ ಕಡೆಯ ಹಳೆಯ ಮನೆಗಳಲ್ಲಿ ಗೋಡೆಗೆ ಒರಗಿಸಿಟ್ಟ ಮಣೆ ಈಗಲೂ ಕಾಣಸಿಗುತ್ತದೆ. ಅದನ್ನು ಮಗುಚಿ ನೋಡಿ. ಕೆಳಗೆ ಎರಡು ಅಡ್ಡಪಟ್ಟಿಗಳಿರುತ್ತವೆ. ಕೂತವರಿಗೆ ನೆಲದ ತಂಡಿ ತಾಗದಂತೆ ಅವು ಹಲಗೆಯನ್ನು ಎತ್ತಿ ಹಿಡಿಯುತ್ತವೆ. ಹಲಗೆ ಸೊಟ್ಟಗಾಗದಂತೆ ತಡೆಯುವುದೂ ಅವೇ. ಬಡಿಗರ ಜಾಣತನ ಅಡಗಿರುವುದು ಯಾರೂ ನೋಡದ ಆ ಬದಿಯಲ್ಲಿ.

ಈಗ ಮಧ್ಯ ಆಫ್ರಿಕಾಕ್ಕೆ ಹೋಗೋಣ. ಕಾಂಗೊ ದೇಶದ ಆಗ್ನೇಯ ಭಾಗದಲ್ಲಿ ಲೂಬಾ ಎಂಬ ಜನರಿದ್ದಾರೆ. ಅವರ ಅರಸರ ಪೀಠವನ್ನು ಒಂದೇ ಮರದ ತುಂಡಿನಲ್ಲಿ ಬಾಚಿಯಿಂದ ಕೆತ್ತುತ್ತಿದ್ದರು. ಮೊಳದಷ್ಟು ಎತ್ತರ. ಕಾಲುಗಳ ಬದಲಿಗೆ ಒಬ್ಬ ಹೆಣ್ಣುಮಗಳು ಕೂರುವ ಹಲಗೆಯನ್ನು ತಲೆ ಮತ್ತು ಕೈಗಳ ಮೇಲೆ ಹೊತ್ತಿರುತ್ತಾಳೆ. ಅರಸನ ಶಕ್ತಿಯನ್ನು ಕಾಪಾಡಿಕೊಂಡು ಬರುವವಳು ಹೆಣ್ಣು ಎಂಬುದು ಅವರ ನಂಬಿಕೆ. ಅಷ್ಟು ಅಂದದ ಪೀಠ ದಿನವೂ ಕೂರುವುದಕ್ಕಲ್ಲ! ಬಿಳಿ ಬಟ್ಟೆ ಸುತ್ತಿ, ಬೇರೆ ಊರಿನಲ್ಲಿ ಕಾವಲಿಟ್ಟು ಜೋಪಾನ ಮಾಡುತ್ತಿದ್ದರು.

ಕಾಂಗೊ 1960ರವರೆಗೆ ಬೆಲ್ಜಿಯಂ ಆಳ್ವಿಕೆಯಲ್ಲಿತ್ತು. ಆ ಕಾಲದಲ್ಲಿ ಇಂಥ ಎಷ್ಟೋ ಪೀಠಗಳು ಯುರೋಪಿನ ವಸ್ತುಸಂಗ್ರಹಾಲಯಗಳನ್ನು ಸೇರಿದವು. ಒಯ್ದವರು ಕೆತ್ತಿದವರ ಹೆಸರು ಕೇಳಿ ಬರೆದಿಟ್ಟುಕೊಳ್ಳಲಿಲ್ಲ. ಹಾಗಾಗಿ ಬಲು ದೊಡ್ಡ ಕಲೆಗಾರನೊಬ್ಬನನ್ನು ವಿದ್ವಾಂಸರು ಊರಿನ ಹೆಸರು ಹಿಡಿದು ‘ಬೂಲಿಯ ಶಿಲ್ಪಿ’ ಎಂದು ಕರೆಯಬೇಕಾಯಿತು. ಪೀಠ ಉಳಿಯಿತು, ಹೆಸರು ಕಳೆಯಿತು.

ನಮ್ಮಲ್ಲಿ ಮಣೆಯೇ ಉಳಿಯುವುದು ಕಷ್ಟವಾಗಿದೆ. ನನ್ನ ಮೊಣಕಾಲು ಈಗ ಕೆಳಗೆ ಕೂರಲು ಒಪ್ಪುವುದಿಲ್ಲ. ನನ್ನ ವಾರಿಗೆಯ ಅಜ್ಜ-ಅಜ್ಜಿಯರದೂ ಅದೇ ಪಾಡು. ಕುರ್ಚಿ ಬಂತು, ಮಣೆ ಅಟ್ಟ ಸೇರಿತು. ಅಟ್ಟದಿಂದ ನೀರೊಲೆಗೆ ಹೆಚ್ಚು ದೂರವಿಲ್ಲ.

ಆದ್ದರಿಂದ ಈ ವಾರದ ಕೆಲಸ ಇಷ್ಟೇ. ಮನೆಯ ಮಣೆ ಹುಡುಕಿ, ಒರೆಸಿ. ಇದು ಯಾವ ಮರ? ಮಾಡಿದವರು ಯಾರು? ಯಾರ ಮದುವೆಗೆ ಬಂತು? ಅಜ್ಜಿಯನ್ನು ಕೇಳಿ, ಚೀಟಿಯಲ್ಲಿ ಬರೆದು ಮಣೆಯ ಕೆಳಗೆ ಅಂಟಿಸಿ. ಅಜ್ಜಿಯರೇ, ಮಕ್ಕಳು ಕೇಳಿದಾಗ ‘ಅದೆಲ್ಲ ಈಗ್ಯಾಕೆ’ ಎನ್ನಬೇಡಿ. ಆ ಬಡಿಗರ ಹೆಸರು ನಿಮಗಷ್ಟೇ ಗೊತ್ತು.