ಹಳ್ಳಿಯ ಜಗುಲಿ, ಪಟ್ಟಣದ ಛತ್ರ

ಯಲ್ಲಾಪುರ, ಶಿರಸಿ, ಸಿದ್ದಾಪುರದ ಕಡೆ ಹಳೆಯ ಮನೆಗಳ ಜಗುಲಿ ಮನೆಯವರದಷ್ಟೇ ಆಗಿರಲಿಲ್ಲ, ದಾರಿಹೋಕರದ್ದೂ ಆಗಿತ್ತು. ಹೊತ್ತು ಮುಳುಗಿದ ಮೇಲೆ ಬಂದವನಿಗೆ ಮೊದಲು ಆಸರಿ, ಅಂದರೆ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ಆಮೇಲೆ ಊಟ, ಮಲಗಲು ಒಂದು ಕಂಬಳಿ. ಬೆಳಗಾದರೆ ಅವನ ದಾರಿ ಅವನಿಗೆ. ಇದನ್ನು ಯಾರೂ ದಾನವೆಂದು ಕರೆಯಲಿಲ್ಲ.

ಇಂಥ ಏರ್ಪಾಡು ಏಕೆ ಬೇಕಾಯಿತು? ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಹೇರು ತುಂಬಿದ ಎತ್ತಿನ ಗಾಡಿ ಗಂಟೆಗೆ ಸುಮಾರು 3 ಕಿಲೋಮೀಟರ್ ಸಾಗುತ್ತದೆ. ಎತ್ತು ಮೆಲುಕು ಹಾಕುವ ಪ್ರಾಣಿ. ಮೇಯಲು, ನೀರು ಕುಡಿಯಲು, ನೆರಳಿನಲ್ಲಿ ಮಲಗಿ ಮೆಲುಕು ಹಾಕಲು ಅದಕ್ಕೆ ಹೊತ್ತು ಬೇಕೇ ಬೇಕು. ಹಾಗಾಗಿ ದಿನಕ್ಕೆ 25 ಕಿಲೋಮೀಟರ್ ಸಾಗಿದರೆ ಹೆಚ್ಚು. ಯಲ್ಲಾಪುರದಿಂದ ಹುಬ್ಬಳ್ಳಿಗೆ ಸುಮಾರು 70 ಕಿಲೋಮೀಟರ್. ಕಿರವತ್ತಿ, ಕಲಘಟಗಿ ದಾಟಿ ಹುಬ್ಬಳ್ಳಿ ಮುಟ್ಟಲು ಮೂರು ದಿನ, ನಡುವೆ ಎರಡು ರಾತ್ರಿ. ನಮ್ಮ ನಾಡಿನ ಹೆದ್ದಾರಿಗಳಲ್ಲಿ ಛತ್ರ, ಬಾವಿ, ಸಾಲುಮರ, ಅರವಟ್ಟಿಗೆಗಳು ಒಂದೊಂದು ದಿನದ ದಾರಿಗೆ ಹುಟ್ಟಿಕೊಂಡದ್ದರ ಹಿಂದೆ ಧರ್ಮಬುದ್ಧಿಯ ಜೊತೆಗೆ ಎತ್ತಿನ ಕಾಲಿನ ಲೆಕ್ಕವೂ ಇದೆ.

1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು. ರೈಲಿನ ಹಿಂದೆಯೇ ಕಾರ್ಯಾಗಾರ, ಗಿರಣಿಗಳು ಬಂದವು. ಬೆಂಗಳೂರಿನಲ್ಲಿ 1884ರಲ್ಲಿ ಆರಂಭವಾದ ಬಟ್ಟೆ ಗಿರಣಿ ಮುಂದೆ ಬಿನ್ನಿ ಮಿಲ್ಲು ಎಂದು ಹೆಸರಾಯಿತು. ಕೂಲಿಗೆ, ವ್ಯಾಪಾರಕ್ಕೆ, ಓದಿಗೆ ಜನ ಪಟ್ಟಣ ಸೇರತೊಡಗಿದರು. ಆದರೆ ಪಟ್ಟಣದ ಮನೆಗಳಿಗೆ ದಾರಿಹೋಕನ ಜಗುಲಿ ಇರಲಿಲ್ಲ. ಗುರುತಿಲ್ಲದ ಊರಿನಲ್ಲಿ ರಾತ್ರಿ ರೈಲಿಳಿದವನು ಎಲ್ಲಿ ಮಲಗಬೇಕು?

ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಗುಬ್ಬಿ ತೋಟದಪ್ಪನವರು (1838–1910) ಒಬ್ಬರು. ಬಡತನದಿಂದಾಗಿ ಗುಬ್ಬಿ ಬಿಟ್ಟು ಬೆಂಗಳೂರಿಗೆ ಬಂದ ಕುಟುಂಬ ಅವರದು. ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಮಾಡಿ ಶ್ರೀಮಂತರಾದರು. ಮಕ್ಕಳಿರಲಿಲ್ಲ. ಸಂಪಾದಿಸಿದ್ದನ್ನು ಯಾತ್ರಿಕರಿಗೂ ವಿದ್ಯಾರ್ಥಿಗಳಿಗೂ ಮೀಸಲಿಟ್ಟರು. ಸಿಟಿ ರೈಲು ನಿಲ್ದಾಣದ ಬಳಿ ಅವರು ಕಟ್ಟಿಸಿದ ಧರ್ಮಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಊರಿಗೆ ಕರೆಂಟು ಬರುವ ಮುಂಚೆಯೇ ಪರವೂರಿನವರಿಗೆ ಸೂರು ಸಿದ್ಧವಾಗಿತ್ತು! ಹಳ್ಳಿಯಿಂದ ಬಂದ ಬಡ ವೀರಶೈವ ವಿದ್ಯಾರ್ಥಿಗಳಿಗೆ ಉಚಿತ ವಿದ್ಯಾರ್ಥಿನಿಲಯವೂ ನಡೆಯಿತು. ಅವರ ಹೆಸರಿನ ಧರ್ಮಸಂಸ್ಥೆ ಇಂದಿಗೂ ಇದೆ. ಹುಬ್ಬಳ್ಳಿಯಲ್ಲಿ ಸಿದ್ಧಾರೂಢ ಮಠದ ದಾಸೋಹ ಹಸಿದು ಬಂದವರಿಗೆ ಊಟವಿಕ್ಕುತ್ತಲೇ ಬಂದಿದೆ.

ಐರೋಪ್ಯ ದೇಶಗಳಲ್ಲಿ ಇದೇ ಕಾಳಜಿ ಬೇರೊಂದು ರೂಪ ತಾಳಿತು. ಅಲ್ಲಿನ ಧರ್ಮಶಾಲೆಗಳು ಒಂದೆರಡು ರಾತ್ರಿಯ ತಂಗುದಾಣಗಳಲ್ಲ, ಬಡವರು, ಮುದುಕರು ಕೊನೆಯವರೆಗೆ ಬಾಳುವ ಮನೆಗಳು. ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಯಾಕೋಬ್ ಫುಗ್ಗರ್ ಎಂಬ ಸಾಹುಕಾರ 1521ರಲ್ಲಿ ಸ್ಥಾಪಿಸಿದ ಫುಗ್ಗರೈ ಎಂಬ ಕೇರಿಯಲ್ಲಿ ಈಗಲೂ ವರ್ಷದ ಬಾಡಿಗೆ ಒಂದು ಯೂರೋಗಿಂತ ಕಡಿಮೆ. ಸಂಗೀತಗಾರ ಮೊಝಾರ್ಟನ ಮುತ್ತಜ್ಜ ಅಲ್ಲಿ ಬಾಳಿದವನು. ಇಂಗ್ಲೆಂಡಿನಲ್ಲಿ ಟೈಟಸ್ ಸಾಲ್ಟ್ ಎಂಬ ಉಣ್ಣೆ ಗಿರಣಿಯ ಮಾಲೀಕ ತನ್ನ ಸಾಲ್ಟೇರ್ ಪಟ್ಟಣದಲ್ಲಿ 1868ರಲ್ಲಿ ವೃದ್ಧರಿಗಾಗಿ 45 ಮನೆಗಳನ್ನು ಕಟ್ಟಿಸಿದ. ನಮ್ಮಲ್ಲಿ ಮುದುಕರನ್ನು ಕೂಡುಕುಟುಂಬ ನೋಡಿಕೊಳ್ಳುತ್ತಿತ್ತು. ಹಾಗಾಗಿ ನಮ್ಮ ಛತ್ರಗಳು ದಾರಿಹೋಕನ ಕಡೆಗೆ, ಓದುವ ಹುಡುಗನ ಕಡೆಗೆ ಹೆಚ್ಚು ನೋಡಿದವು.

ಇಂದು ಅರವತ್ತು ದಾಟಿದವರನ್ನು ಕೇಳಿದರೆ ಅನೇಕರಿಗೆ ಬಾಲ್ಯದ ಛತ್ರಗಳು ನೆನಪಿಗೆ ಬರುತ್ತವೆ. ದೊಡ್ಡಾಸ್ಪತ್ರೆಗೆಂದೋ ಅಣ್ಣನ ಕಾಲೇಜು ಪ್ರವೇಶಕ್ಕೆಂದೋ ಅಪ್ಪನ ಕೈ ಹಿಡಿದು ಪಟ್ಟಣಕ್ಕೆ ಬಂದದ್ದು, ಛತ್ರದ ತಣ್ಣನೆಯ ನೆಲದಲ್ಲಿ ಹೋಲ್ಡಾಲು ಬಿಚ್ಚಿದ್ದು, ಟ್ರಂಕಿಗೆ ತಲೆಯಿಟ್ಟು ಮಲಗಿದ್ದು, ಪಕ್ಕದ ಅಪರಿಚಿತ ಅಜ್ಜಿ ಬುತ್ತಿಯಿಂದ ಅರ್ಧ ರೊಟ್ಟಿ ಕೊಟ್ಟದ್ದು. ಬೆಳಗಿನ ಜಾವ ಗಿರಣಿಯ ಭೋಂಗಾ ಕೂಗಿದಾಗ ಮಲೆನಾಡಿನ ಮಗು ಬೆಚ್ಚಿ ಎದ್ದು ಕೂರುತ್ತಿತ್ತು. ಆ ಗಿರಣಿಗಳಲ್ಲಿ ಹೆಚ್ಚಿನವು ಈಗ ಮುಚ್ಚಿವೆ.

ಹಳೆಯದನ್ನೆಲ್ಲ ಹೊಗಳಬೇಕಾಗಿಲ್ಲ. ಎಷ್ಟೋ ಛತ್ರಗಳು ಜಾತಿ ಕೇಳಿಯೇ ಬಾಗಿಲು ತೆರೆಯುತ್ತಿದ್ದವು. ಜಗುಲಿಯ ಮೇಲೆ ಎಲ್ಲರಿಗೂ ಒಂದೇ ಜಾಗ ಇರಲಿಲ್ಲ, ಕೆಲವರಿಗೆ ಅಂಗಳವೇ ಗತಿಯಾಗಿತ್ತು. ವಾರಾನ್ನ ಉಂಡು ಓದಿದವರು ದೊಡ್ಡವರಾದರೆಂದು ಹೇಳುವಾಗ ವಾರಾನ್ನವೂ ಸಿಗದ ಮಕ್ಕಳನ್ನು ಮರೆಯಬಾರದು. ಒಂದೊಂದು ಸಮಾಜವೂ ತನ್ನವರಿಗೆ ವಿದ್ಯಾರ್ಥಿನಿಲಯ ಕಟ್ಟಿಕೊಳ್ಳಬೇಕಾಗಿ ಬಂದದ್ದಕ್ಕೆ ಇದೂ ಒಂದು ಕಾರಣ. ಆ ಕೊರತೆಯನ್ನು ತುಂಬಲು ಮುಂದೆ ಸರ್ಕಾರಿ ಹಾಸ್ಟೆಲುಗಳು ಬಂದವು.

ಯಲ್ಲಾಪುರಕ್ಕೆ ಇನ್ನೂ ರೈಲು ಬಂದಿಲ್ಲ. ಆದರೆ ಇಲ್ಲಿನ ಮಕ್ಕಳು ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಹುಬ್ಬಳ್ಳಿ, ಬೆಂಗಳೂರಿನ ಬಸ್ಸು ಹತ್ತುವುದು ನಿಂತಿಲ್ಲ. ಹಣವುಳ್ಳವರು ಪೀಜಿ ಹುಡುಕುತ್ತಾರೆ. ಅಂಕ ಚೆನ್ನಾಗಿ ಬಂದು, ಸೀಟೂ ಸಿಕ್ಕಿ, ಉಳಿಯಲು ಜಾಗವಿಲ್ಲವೆಂದೇ ಓದು ಬಿಡುವ ಮಕ್ಕಳಿದ್ದಾರೆ. ಹೆಣ್ಣುಮಕ್ಕಳ ವಿಷಯದಲ್ಲಂತೂ 'ಎಲ್ಲಿ ಇರುತ್ತಾಳೆ?' ಎಂಬ ಪ್ರಶ್ನೆಯಲ್ಲೇ ಮಾತು ಮುಗಿದುಬಿಡುತ್ತದೆ.

ಪಾಲಕರು ಫಲಿತಾಂಶದ ದಿನಕ್ಕೆ ಕಾಯದೆ ವಿದ್ಯಾರ್ಥಿನಿಲಯಗಳ ಅರ್ಜಿಯ ವಿಚಾರವನ್ನು ಶಾಲೆಯಲ್ಲಿ ಮೊದಲೇ ಕೇಳಿ ತಿಳಿಯುವುದು ಒಳ್ಳೆಯದು. ಪಟ್ಟಣದಲ್ಲಿ ನೆಲೆ ನಿಂತ ನಮ್ಮ ಊರಿನವರು ಹೊಸದಾಗಿ ಬಂದ ಊರ ಮಗುವಿಗೆ ಮೊದಲ ಒಂದು ವಾರ ತಮ್ಮ ಮನೆಯಲ್ಲಿ ಜಾಗ ಕೊಟ್ಟರೆ ಅರ್ಧ ಭಯ ಕಳೆಯುತ್ತದೆ. ವಿದ್ಯಾರ್ಥಿಗಳು ಮನೆಯ ಹಿರಿಯರನ್ನು ಒಂದು ಪ್ರಶ್ನೆ ಕೇಳಲಿ: 'ಪಟ್ಟಣದಲ್ಲಿ ಮೊದಲ ರಾತ್ರಿ ಎಲ್ಲಿ ಮಲಗಿದಿರಿ? ಆ ಜಾಗ ಕೊಟ್ಟವರು ಯಾರು?' ಬಂದ ಉತ್ತರವನ್ನು ಒಂದು ಪುಟ ಬರೆದಿಡಲಿ. ಊರಿನ ಚರಿತ್ರೆಯಲ್ಲಿ ಅದಕ್ಕೂ ಸ್ಥಾನವಿದೆ.