ತುಂಬಿದ ಸೀಸೆ, ಬರಿದಾದ ಸೀಸೆ

ದೇಶಾಂತರ ತಿರುಗುವಾಗ ಸಿಂಗಲ್ ಮಾಲ್ಟ್ ವಿಸ್ಕಿಯ ಸೀಸೆಗಳನ್ನು ಕೊಂಡು ತಂದು, ಗಾಜಿನ ಕಪಾಟಿನಲ್ಲಿ ಸಾಲಾಗಿ ಜೋಡಿಸಿಡುವ ಹವ್ಯಾಸ ನಮ್ಮ ಅನುಕೂಲಸ್ಥರಲ್ಲಿ ಬೆಳೆದಿದೆ. ಇದನ್ನು ಕಂಡು ಹೊಟ್ಟೆಕಿಚ್ಚು ಪಡುವವರು ನಾವಲ್ಲ. ಪಾನನಿರೋಧದ ಉಪದೇಶ ಮಾಡುವುದೂ ನಮ್ಮ ಉದ್ದೇಶವಲ್ಲ.

ಆ ಸಾಲಿನಲ್ಲಿ ನಮ್ಮ ನಾಡಿನ ಸೀಸೆಯೂ ಉಂಟು. 1948ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೃತ್ ಕಾರಖಾನೆ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಮಾರಾಟಕ್ಕೆ ಇಳಿಸಿತು. ಬಾರ್ಲಿ ಬೆಳೆದ ರೈತನ, ಪೀಪಾಯಿ ಉರುಳಿಸಿದ ಕೆಲಸಗಾರನ ಬೆವರು ಅದರಲ್ಲಿದೆ. ಆ ಮಟ್ಟಿಗೆ ನಮಗೂ ಅಭಿಮಾನವೇ.

ಪೀಪಾಯಿಯಿಂದ ಆವಿಯಾಗಿ ಹೋಗುವ ಮದ್ಯವನ್ನು ಸ್ಕಾಟ್ಲೆಂಡಿನವರು ‘ದೇವದೂತರ ಪಾಲು’ ಎನ್ನುತ್ತಾರೆ. ಅಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 2ರಷ್ಟು ಹೋದರೆ, ಬೆಂಗಳೂರಿನ ಹವೆಯಲ್ಲಿ 10ರಷ್ಟು ಹೋಗುತ್ತದೆ. ದೇವದೂತರ ಪಾಲಿಗೂ ಲೆಕ್ಕವುಂಟು. ಹಮಾಲಿಯ ಪಾಲಿನ ಲೆಕ್ಕ ಇಟ್ಟವರು ಯಾರು?

2007ರ ಜುಲೈ 1ರಂದು ಸಾರಾಯಿ ನಿಂತಿತು. ದಣಿದವನ ಕುಡಿತ ನಿಲ್ಲಲಿಲ್ಲ. ಕಾಕಂಬಿಯ ಮದ್ಯಸಾರದಿಂದ ಮಾಡಿದ ಅಗ್ಗದ ವಿಸ್ಕಿಯ ಪೊಟ್ಟಣಕ್ಕೆ ತಿರುಗಿತು. 2023ರ ಬಜೆಟ್ಟಿನಲ್ಲಿ ಸರಕಾರ ಎಲ್ಲ ದರ್ಜೆಯ ಮದ್ಯಗಳ ಮೇಲೂ ಹೆಚ್ಚುವರಿ ಅಬಕಾರಿ ಸುಂಕವನ್ನು ನೂರಕ್ಕೆ 20ರಷ್ಟು ಏರಿಸಿತು. 2024ರ ಆಗಸ್ಟಿನಲ್ಲಿ, ನೆರೆರಾಜ್ಯಗಳ ಬೆಲೆಗೆ ಸರಿದೂಗಿಸುವ ನೆಪದಲ್ಲಿ, ದುಬಾರಿ ಮದ್ಯದ ಸುಂಕವನ್ನು ಇಳಿಸಿತು. ಕಪಾಟಿನ ಸೀಸೆಗೆ ರಿಯಾಯಿತಿ, ಪೊಟ್ಟಣಕ್ಕೆ ಇಲ್ಲ! ಇದು ಯಾವ ನ್ಯಾಯ? ಕೂಲಿ ಅಂಗಡಿಯ ಗಲ್ಲೆಗೆ ಬಿದ್ದ ಸಂಜೆ ಮನೆಯ ಒಲೆ ಉರಿಯುವುದಿಲ್ಲ, ಕಿರಾಣಿಯವನ ಉದ್ರಿಯೂ ತೀರುವುದಿಲ್ಲ.

ಸೀಸೆ ಕೂಡಿಸುವವರು ಇನ್ನೊಂದು ಬಗೆಯವರೂ ಇದ್ದಾರೆ. ಹಚ್ಚೊಳ್ಳಿ, ಸಿರುಗುಪ್ಪದ ಕಡೆ ಕಾಲುವೆ ದಂಡೆಯಲ್ಲಿ ಬಿದ್ದ ಬರಿ ಸೀಸೆಗಳನ್ನು ಚೀಲಕ್ಕೆ ತುಂಬಿ ಗುಜರಿಗೆ ಹಾಕಿ ಹೊಟ್ಟೆ ಹೊರೆಯುವವರು ಅವರು. ಅವರ ಕಣ್ಣಿಗೆ ಬೀಳದೆ ಒಡೆದ ಗಾಜು, ಗದ್ದೆಯಲ್ಲಿ ನಾಟಿ ಹಚ್ಚುವ ಹೆಣ್ಣುಮಕ್ಕಳ ಕಾಲಿಗೆ ನಾಟುತ್ತದೆ. ತಮಿಳುನಾಡಿನ ನೀಲಗಿರಿಯಲ್ಲಿ 2022ರಿಂದ ಸೀಸೆಗೆ 10 ರೂಪಾಯಿ ಹೆಚ್ಚಾಗಿ ಪಡೆದು, ಬರಿ ಸೀಸೆ ಮರಳಿಸಿದವರಿಗೆ ಆ ಹಣ ಕೊಡುವ ಏರ್ಪಾಟು ಬಂತು. ಅಲ್ಲಿ ಆದದ್ದು ಇಲ್ಲೇಕೆ ಆಗದು?

ನಮ್ಮ ಬೇಡಿಕೆ ದೊಡ್ಡದಲ್ಲ. ಸೀಸೆಗೆ ಠೇವಣಿ ಇಡಿ. ಸುಂಕದ ಭಾರವನ್ನು ತಾಳುವವನ ಮೇಲೆ ಹೊರಿಸಿ. ಅಬಕಾರಿ ಹಣದಲ್ಲಿ ಒಂದು ಪಾಲನ್ನು ತಾಲೂಕು ಆಸ್ಪತ್ರೆಗಳಲ್ಲಿ ಕುಡಿತ ಬಿಡಿಸುವ ಚಿಕಿತ್ಸೆಗೆ ಮೀಸಲಿಡಿ. ದೇವದೂತರಿಗೆ ಸಂದಷ್ಟಾದರೂ ದುಡಿಯುವವನಿಗೆ ಸಲ್ಲಲಿ.